ದಯೆಗೂ ಒಂದು ಎಲ್ಲೆ: ಹಿತ್ತಿಲಿನ ವನ್ಯಜೀವಿಗಳೂ ಊರಿನ ಕಟ್ಟಳೆಗಳೂ

ಅನ್ನವನ್ನು ಹಂಚಿಕೊಂಡು ಉಣ್ಣಬೇಕೆಂಬುದು ನಮ್ಮ ಮನೆಗಳಲ್ಲಿ ಯಾರೂ ಪಾಠವಾಗಿ ಹೇಳಿಕೊಟ್ಟ ಮಾತಲ್ಲ; ನೋಡಿ ಕಲಿತ ನಡತೆ. ಎಲೆಯ ಬದಿಯಲ್ಲಿ ಚಿತ್ರಾಹುತಿಯನ್ನಿಟ್ಟ ಮೇಲೆಯೇ ಊಟಕ್ಕೆ ಕೈಯಿಡುವ ಅಜ್ಜ, ಕಲಗಚ್ಚನ್ನು ಹಸುವಿಗೆಂದು ಎತ್ತಿಡುವ ಅಜ್ಜಿ, ಇರುವೆಯ ಗೂಡಿನ ಬಾಯಿಗೆ ಚಿಟಿಕೆ ಸಕ್ಕರೆಯನ್ನು ಉದುರಿಸುವ ತಾಯಿ, ಶ್ರಾದ್ಧದ ದಿನ ಪಿಂಡವನ್ನು ಹೊರಗಿಟ್ಟು ಕಾಗೆಯ ಬರವಿಗಾಗಿ ಕಾಯುವ ತಂದೆ - ಇವರೆಲ್ಲರನ್ನೂ ಕಂಡು ಬೆಳೆದವರು ನಾವು. ಗೃಹಸ್ಥನಿಗೆ ವಿಧಿಸಿದ ಐದು ಮಹಾಯಜ್ಞಗಳಲ್ಲಿ ಭೂತಯಜ್ಞವೂ ಒಂದು. ಜೈನ ಬಸದಿಗಳ ನಾಡಿನಲ್ಲಿ, ಶರಣರು ನಡೆದಾಡಿದ ನಾಡಿನಲ್ಲಿ ಪ್ರಾಣಿದಯೆಯೆಂಬುದು ಮತಭೇದವಿಲ್ಲದ ಸಂಪತ್ತು.

ಇಂಥ ಸಂಸ್ಕಾರವನ್ನು ಹೊತ್ತು ಈ ದೇಶಕ್ಕೆ ಬಂದವರಿಗೆ, ಕೆರೆಯ ದಂಡೆಯ ಮೇಲೆ ‘ವನ್ಯಪ್ರಾಣಿಗಳಿಗೆ ಆಹಾರ ಹಾಕಬಾರದು, ಹಾಕಿದವರಿಗೆ ದಂಡ’ ಎಂಬ ಫಲಕ ಕಂಡಾಗ ಮನಸ್ಸಿಗೆ ಒಂದು ಬಗೆಯ ಇರಿಸುಮುರುಸಾಗುವುದು ಸಹಜವೇ. ಹಸಿದ ಬಾಯಿಗೆ ತುತ್ತು ಕೊಡುವುದನ್ನು ಅಪರಾಧವೆನ್ನುವ ಸಮಾಜವೆಂಥದು? ಊರಿನಿಂದ ಬಂದ ಹಿರಿಯರಂತೂ ಇದನ್ನು ಬಾಯಿಬಿಟ್ಟೇ ಕೇಳುತ್ತಾರೆ. ಆ ಪ್ರಶ್ನೆಗೆ ನಗುತ್ತ ಮಾತು ಮರೆಸುವುದಕ್ಕಿಂತ, ನೆಟ್ಟಗೆ ಉತ್ತರಿಸಲು ಯತ್ನಿಸುವುದು ಮೇಲೆಂದು ತೋರಿ ಈ ಲೇಖನವನ್ನು ಬರೆಯುತ್ತಿದ್ದೇನೆ. ನ್ಯೂಜೆರ್ಸಿಯಲ್ಲಿ ಎರಡು ದಶಕಗಳಿಗೂ ಮಿಕ್ಕಿ ನೆಲೆಸಿರುವವನಾದ್ದರಿಂದ ನನ್ನ ಮಾತು ಬಹುಮಟ್ಟಿಗೆ ಈ ರಾಜ್ಯವನ್ನು ಕುರಿತದ್ದು; ಬೇರೆ ರಾಜ್ಯಗಳ ಬಂಧುಗಳಿಗೂ ಇದರಿಂದ ಪ್ರಯೋಜನವಾದೀತು.

ಕಟ್ಟಳೆಯ ನಾಲ್ಕು ಮೆಟ್ಟಿಲುಗಳು

ಈ ವಿಷಯದಲ್ಲಿ ಕಾನೂನು ಒಂದೇ ಕಡೆಯಿಂದ ಬರುವುದಿಲ್ಲ. ರಾಷ್ಟ್ರೀಯ ಉದ್ಯಾನಗಳಲ್ಲಿ ಕೇಂದ್ರ ಸರ್ಕಾರದ ನಿಷೇಧವಿದೆ. ಅದರ ಕೆಳಗೆ ರಾಜ್ಯದ ಶಾಸನ. ನ್ಯೂಜೆರ್ಸಿಯಲ್ಲಿ ಕರಡಿಗೆ ಬೇಕೆಂದೇ ಆಹಾರವೊಡ್ಡಿದರೆ ಪ್ರತಿ ಸಲಕ್ಕೂ 1,000 ಡಾಲರುಗಳವರೆಗೆ ದಂಡ ತೆರಬೇಕಾಗಬಹುದು. ವರ್ಜೀನಿಯದಲ್ಲಿ ಸೆಪ್ಟೆಂಬರ್ 1ರಿಂದ ಜನವರಿಯ ಮೊದಲ ಶನಿವಾರದವರೆಗೆ ಜಿಂಕೆಗೆ ಆಹಾರ ಹಾಕುವಂತಿಲ್ಲ. ಜಿಂಕೆಗಳ ಮಾರಕ ರೋಗ ಕಂಡುಬಂದ ಕೌಂಟಿಗಳಲ್ಲಿ ವರ್ಷವಿಡೀ ನಿಷೇಧ. ಫ್ಲಾರಿಡದಲ್ಲಿ ಮೊಸಳೆಯ ಬಂಧುವಾದ ಆಲಿಗೇಟರ್, ಕರಡಿ, ಸ್ಯಾಂಡ್‌ಹಿಲ್ ಕೊಕ್ಕರೆ - ಇವುಗಳಿಗೆ ತಿನಿಸು ಹಾಕುವುದು ಕಾನೂನಿಗೆ ವಿರುದ್ಧ.

ಮೂರನೆಯದು ಊರಿನ ಆರ್ಡಿನೆನ್ಸ್. ಇದರ ಹುಟ್ಟು ಸ್ವಾರಸ್ಯಕರವಾದದ್ದು. 2004ರಲ್ಲಿ ನ್ಯೂಜೆರ್ಸಿಯ ಪರಿಸರ ಇಲಾಖೆ ಮಳೆನೀರಿನ ಮಾಲಿನ್ಯವನ್ನು ತಡೆಯುವುದಕ್ಕಾಗಿ ಮುನಿಸಿಪಾಲಿಟಿಗಳಿಗೆ ಹೊಸ ನಿಯಮಗಳನ್ನು ವಿಧಿಸಿತು. ಬೀದಿಯ ಚರಂಡಿಗೆ ಇಳಿದ ಮಳೆನೀರು ಯಾವ ಶುದ್ಧೀಕರಣವನ್ನೂ ಕಾಣದೆ ನೇರವಾಗಿ ಹೊಳೆ-ಕೆರೆಗಳನ್ನು ಸೇರುತ್ತದೆ. ಉದ್ಯಾನಗಳಲ್ಲಿ ಜನರು ಬ್ರೆಡ್ಡು ಎಸೆದಷ್ಟೂ ಹೆಬ್ಬಾತುಗಳು ನೆರೆಯುತ್ತವೆ, ನೆರೆದಷ್ಟೂ ಹಿಕ್ಕೆ, ಆ ಹಿಕ್ಕೆಯೆಲ್ಲ ಮಳೆಯೊಡನೆ ನೀರಿಗೆ. ಹೀಗಾಗಿ ಸಾಕುಪ್ರಾಣಿಯ ಮಲವನ್ನು ಎತ್ತಬೇಕು, ಕಸ ಎಸೆಯಬಾರದು ಎಂಬ ಕಟ್ಟಳೆಗಳ ಜೊತೆಗೇ, ಊರಿನ ಉದ್ಯಾನಗಳಲ್ಲಿಯೂ ಸಾರ್ವಜನಿಕ ಜಾಗಗಳಲ್ಲಿಯೂ ವನ್ಯಪ್ರಾಣಿಗಳಿಗೆ ಆಹಾರ ಹಾಕಬಾರದೆಂಬ ಕಟ್ಟಳೆಯನ್ನೂ ಊರುಗಳು ಮಾಡಬೇಕಾಯಿತು. ಇದಕ್ಕಾಗಿ ರಾಜ್ಯವೇ ಒದಗಿಸಿದ ಮಾದರಿಯಲ್ಲಿ, ಮನುಷ್ಯನೂ ಅಲ್ಲದ, ಸಾಕಿದ್ದೂ ಅಲ್ಲದ ಪ್ರತಿಯೊಂದು ಜೀವಿಯೂ ವನ್ಯಪ್ರಾಣಿಯೇ. ಕೈಯಾರೆ ಉಣಿಸುವುದಷ್ಟೇ ಅಲ್ಲ, ಅವುಗಳನ್ನು ಕರೆಯುವ ಉದ್ದೇಶದಿಂದ ತಿನ್ನುವ ವಸ್ತುವನ್ನು ಇಡುವುದು, ಚೆಲ್ಲುವುದು, ಹರಡುವುದು ಎಲ್ಲವೂ ‘ಆಹಾರ ಹಾಕುವುದು’ ಎಂದೇ ಲೆಕ್ಕ. ಸಿಕ್ಕಿಬಿದ್ದವರು ಆ ಕ್ಷಣದಲ್ಲೇ ನಿಲ್ಲಿಸಬೇಕು.

ನಾಲ್ಕನೆಯದೇ ನಮ್ಮ ಮನೆಬಾಗಿಲಿಗೆ ಬರುವಂಥದು: ಹೋಮ್ ಓನರ್ಸ್ ಅಸೋಸಿಯೇಷನ್ನಿನ ನಿಯಮ. ಊರಿನ ಕಟ್ಟಳೆ ಹೆಚ್ಚಾಗಿ ಸಾರ್ವಜನಿಕ ಸ್ಥಳಕ್ಕೆ ಸಂಬಂಧಿಸಿದ್ದರೆ, ಇದು ನಮ್ಮ ಡೆಕ್ಕಿನ ಮೇಲೆ, ಹಿತ್ತಿಲಿನ ಒಳಗೆ ಕಾಲಿಡುತ್ತದೆ. ಮನೆ ಕೊಳ್ಳುವ ದಿನ ರುಜು ಹಾಕಿದ ಕಾಗದದ ಕಟ್ಟಿನಲ್ಲಿ ಈ ಷರತ್ತು ಎಲ್ಲೋ ಒಂದು ಪುಟದಲ್ಲಿ ಇದ್ದೇ ಇರುತ್ತದೆ. ಅದನ್ನು ಓದಿದವರು ಎಷ್ಟು ಮಂದಿ ಎಂಬುದು ಬೇರೆ ಮಾತು.

ಒಂದು ಹಿಡಿ ಅನ್ನದ ತಕರಾರು

ಕೆಲವು ವರ್ಷಗಳ ಹಿಂದೆ ನಮ್ಮ ಬಡಾವಣೆಯಲ್ಲೇ ಇಂಥದೊಂದು ಪ್ರಸಂಗ ನಡೆಯಿತು. ಸ್ನೇಹಿತರೊಬ್ಬರ ತಾಯಿ ತುಮಕೂರಿನ ಕಡೆಯವರು; ಪತಿ ತೀರಿಕೊಂಡ ಮೇಲೆ ಮಗನ ಮನೆಯಲ್ಲಿ ಬಂದು ನೆಲೆಸಿದವರು. ಪ್ರತಿದಿನ ಸ್ನಾನವಾದ ಮೇಲೆ ಡೆಕ್ಕಿನ ಕಟಕಟೆಯ ಮೇಲೆ ಒಂದು ಹಿಡಿ ಅನ್ನ, ಮೇಲೊಂದು ಹನಿ ತುಪ್ಪ ಇಟ್ಟು, ಕಾಗೆಯನ್ನು ಕರೆದ ನಂತರವೇ ಅವರ ಊಟ. ಇಲ್ಲಿನ ಕಾಗೆಗಳು ನಮ್ಮೂರಿನ ಬೂದುಕತ್ತಿನ ಕಾಗೆಗಳಷ್ಟು ಸಲಿಗೆಯವಲ್ಲ; ಬಂದರೆ ಬಂದವು, ಇಲ್ಲದಿದ್ದರೆ ಇಲ್ಲ. ಉಳಿದ ಅನ್ನಕ್ಕೆ ಅಳಿಲು ಬಂತು, ರಾತ್ರಿ ರಕೂನ್ ಬಂತು. ಅಕ್ಕಪಕ್ಕದ ಕಸದ ಡಬ್ಬಗಳು ಉರುಳತೊಡಗಿದವು. ಒಂದು ಮೇ ತಿಂಗಳಿನಲ್ಲಿ, ಮಕ್ಕಳು ಸೈಕಲ್ ಬಿಡುವ ಬೀದಿಗೇ ಕರಡಿಯೊಂದು ಇಳಿಯಿತು. ವಾರದೊಳಗೆ ಸ್ನೇಹಿತರಿಗೆ ನೋಟೀಸು ಬಂತು: ಆಹಾರ ಇಡುವುದನ್ನು ನಿಲ್ಲಿಸದಿದ್ದರೆ ದಂಡ.

ಆ ತಾಯಿ ನನ್ನನ್ನು ಕೂರಿಸಿಕೊಂಡು ಕೇಳಿದರು: “ಒಂದು ಹಿಡಿ ಅನ್ನ ಹಾಕೋದು ಈ ಊರಲ್ಲಿ ಅಪರಾಧವೇನಪ್ಪ? ನಮ್ಮ ಯಜಮಾನರು ಹೋದಾಗಿನಿಂದ ಒಂದು ದಿನವೂ ತಪ್ಪಿಸಿಲ್ಲ. ಇಲ್ಲಿ ಆಗೋದಿಲ್ಲ ಅಂದ್ರೆ ನನ್ನನ್ನ ಊರಿಗೆ ಕಳಿಸಿಬಿಡಿ.”

ಅದು ಹಠದ ಮಾತಾಗಿರಲಿಲ್ಲ. ಮನೆ, ಬೀದಿ, ಭಾಷೆ ಎಲ್ಲವನ್ನೂ ಬಿಟ್ಟು ಬಂದ ಒಬ್ಬ ಹೆಂಗಸಿಗೆ ತನ್ನದೆಂದು ಉಳಿದಿದ್ದ ಕರ್ಮ ಅದೊಂದೇ. ಅವರಿಗೆ ಕಾನೂನಿನ ಕಲಮನ್ನು ಓದಿ ಹೇಳಿ ಪ್ರಯೋಜನವಿರಲಿಲ್ಲ, ಕಾರಣವನ್ನು ಹೇಳಬೇಕಾಗಿತ್ತು. ನಾನು ಅಂದು ಅವರಿಗೆ ಹೇಳಿದ ಕಾರಣಗಳನ್ನೇ, ಇನ್ನಷ್ಟು ವಿವರಗಳೊಡನೆ, ಇಲ್ಲಿ ಮುಂದಿಡುತ್ತೇನೆ.

ತುತ್ತೇ ಮೃತ್ಯುವಾಗುವ ಬಗೆ

ಮೊದಲು ಕರಡಿಯ ಮಾತು. ಯೆಲ್ಲೊಸ್ಟೋನ್ ಉದ್ಯಾನದಲ್ಲಿ ಒಂದು ಕಾಲಕ್ಕೆ ಹೋಟೆಲುಗಳ ಎಂಜಲನ್ನು ಗುಂಡಿಗಳಿಗೆ ಸುರಿದು, ಅದನ್ನು ತಿನ್ನಲು ಬರುವ ಕರಡಿಗಳನ್ನು ಪ್ರವಾಸಿಗರು ಸಾಲುಬೆಂಚುಗಳ ಮೇಲೆ ಕುಳಿತು ನೋಡುತ್ತಿದ್ದರು. ರಸ್ತೆಬದಿಯಲ್ಲಿ ಕಾರಿನ ಕಿಟಕಿಯಿಂದ ತಿಂಡಿ ಕೊಡುವುದು ವಿನೋದವಾಗಿತ್ತು. 1931ರಿಂದ 1969ರವರೆಗೆ ಆ ಒಂದು ಉದ್ಯಾನದಲ್ಲಿ ವರ್ಷಕ್ಕೆ ಸರಾಸರಿ 48 ಮಂದಿ ಕರಡಿಗಳಿಂದ ಗಾಯಗೊಂಡರು. 1967ರ ಆಗಸ್ಟಿನಲ್ಲಿ ಗ್ಲೇಸಿಯರ್ ಉದ್ಯಾನದಲ್ಲಿ, ಎಂಜಲಿನ ರುಚಿ ಹತ್ತಿದ ಕರಡಿಗಳು ಒಂದೇ ರಾತ್ರಿಯಲ್ಲಿ ಎರಡು ಬೇರೆ ಬೇರೆ ಕಡೆ ಇಬ್ಬರು ತರುಣಿಯರನ್ನು ಕೊಂದವು. ಆಮೇಲೆ ಆಡಳಿತ ಎಚ್ಚೆತ್ತಿತು. ಯೆಲ್ಲೊಸ್ಟೋನಿನ ಕೊನೆಯ ಗುಂಡಿ 1970ರಲ್ಲಿ ಮುಚ್ಚಿತು. ಮುಂದಿನ ದಶಕಗಳಲ್ಲಿ ಗಾಯಾಳುಗಳ ಸಂಖ್ಯೆ ವರ್ಷಕ್ಕೆ ಒಂದರ ಆಸುಪಾಸಿಗೆ ಇಳಿಯಿತು.

ಆದರೆ ಅದಕ್ಕೆ ಬೆಲೆ ತೆತ್ತವರು ಯಾರು? ತಲೆಮಾರುಗಳಿಂದ ಮನುಷ್ಯನ ಎಂಜಲನ್ನೇ ನಂಬಿದ್ದ ಕರಡಿಗಳು ಗುಂಡಿ ಮುಚ್ಚಿದ ಮೇಲೆ ಬಿಡಾರಗಳಿಗೂ ಊರುಗಳಿಗೂ ನುಗ್ಗಿದವು. ಬಹಳಷ್ಟು ಕರಡಿಗಳನ್ನು ಕೊಲ್ಲಬೇಕಾಯಿತು. 1975ರಲ್ಲಿ ಅಲಾಸ್ಕದ ಹೊರಗಿನ ಗ್ರಿಜ್ಲಿ ಕರಡಿಯನ್ನು ಅಪಾಯದಲ್ಲಿರುವ ಜೀವಿಯೆಂದು ಕಾನೂನು ಗುರುತಿಸಬೇಕಾಯಿತು. ‘ಉಣಿಸಿದ ಕರಡಿ ಸತ್ತ ಕರಡಿ’ ಎಂದು ಈ ದೇಶದ ಅರಣ್ಯಾಧಿಕಾರಿಗಳು ಹೇಳುವ ಮಾತಿನ ಹಿಂದೆ ಈ ಚರಿತ್ರೆಯಿದೆ. ಉಣಿಸಿದವನಿಗೆ ದಂಡ; ಉಂಡದ್ದಕ್ಕೆ ಮರಣ.

ಇನ್ನು ಜಿಂಕೆ. ಹಿಮಗಾಲದಲ್ಲಿ ಎಲುಬು ಕಾಣುವ ಜಿಂಕೆಯನ್ನು ಕಂಡರೆ ಕರುಳು ಚುರುಕ್ಕೆನ್ನುತ್ತದೆ. ಆದರೆ ಜಿಂಕೆ ಮೆಲುಕುಹಾಕುವ ಪ್ರಾಣಿ. ಋತುವಿಗೆ ತಕ್ಕಂತೆ ಅದರ ಹೊಟ್ಟೆಯ ಸೂಕ್ಷ್ಮಜೀವಿಗಳು ಬದಲಾಗುತ್ತವೆ. ಚಳಿಗಾಲದಲ್ಲಿ ತೊಗಟೆ, ಒಣಚಿಗುರುಗಳನ್ನು ಅರಗಿಸುತ್ತಿದ್ದ ಹೊಟ್ಟೆಗೆ ಒಮ್ಮೆಲೇ ಜೋಳ ಸುರಿದರೆ ಆಮ್ಲ ಉಕ್ಕಿ, ಹೊಟ್ಟೆ ತುಂಬಿದ್ದಾಗಲೇ ಜಿಂಕೆ ಸಾಯಬಹುದು. ಇದಲ್ಲದೆ 1967ರಲ್ಲಿ ಕೊಲೊರಾಡೊದಲ್ಲಿ ಮೊದಲು ಕಂಡ, ಈಗ ಹಲವು ರಾಜ್ಯಗಳಿಗೆ ಹಬ್ಬಿರುವ ಕ್ಷಯಿಸುವ ರೋಗವೊಂದಿದೆ. ಮದ್ದಿಲ್ಲದ ಈ ರೋಗದ ಕಣಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಹತ್ತು ಜಿಂಕೆಗಳು ಒಂದೇ ರಾಶಿಗೆ ಮೂತಿಯಿಟ್ಟರೆ ಹರಡಲು ಇನ್ನೇನು ಬೇಕು? ಜಿಂಕೆಯ ಮೈಮೇಲೆ ಬೆಳೆಯುವ ಉಣ್ಣೆಯಿಂದ ಲೈಮ್ ರೋಗ ತಗಲಿಸಿಕೊಂಡು ತಿಂಗಳುಗಟ್ಟಲೆ ನರಳಿದವರು ನಮ್ಮ ಕನ್ನಡ ಕುಟುಂಬಗಳಲ್ಲೂ ಇದ್ದಾರೆ. ಜಿಂಕೆಯನ್ನು ಹಿತ್ತಿಲಿಗೆ ಕರೆಯುವುದೆಂದರೆ ಉಣ್ಣೆಯನ್ನೂ ಕರೆದಂತೆ.

ಹೆಬ್ಬಾತುಗಳ ಕಥೆ ಬೇರೆ. ಬೇಟೆಗಾರರು ಹಿಂದೆ ಜೀವಂತ ಹೆಬ್ಬಾತುಗಳನ್ನು ಸಾಕಿ, ಅವುಗಳ ಕೂಗಿನಿಂದ ವಲಸೆಯ ಹಕ್ಕಿಗಳನ್ನು ಕೆಳಗಿಳಿಸುತ್ತಿದ್ದರು. 1935ರಲ್ಲಿ ಇದು ನಿಷೇಧವಾದಾಗ ಸಾಕಿದ ಹಕ್ಕಿಗಳನ್ನು ಬಿಟ್ಟುಬಿಟ್ಟರು. ವಲಸೆಯ ದಾರಿಯನ್ನೇ ಕಲಿಯದ ಅವುಗಳ ಸಂತಾನವೂ ಮುಂದೆ ತಂದು ಬಿಟ್ಟವುಗಳ ಸಂತಾನವೂ ಸೇರಿ, ಇಂದು ನಮ್ಮ ಆಫೀಸುಗಳ ಹುಲ್ಲುಹಾಸಿನ ಮೇಲೆ ಬಾರೊ ತಿಂಗಳೂ ತಿರುಗಾಡುತ್ತಿವೆ. ಹಾರಿಹೋಗುವ ಕಾರಣವಿಲ್ಲದವಕ್ಕೆ ಬ್ರೆಡ್ಡೂ ಸಿಕ್ಕಿದರೆ ಏಕೆ ಹೋದಾವು? 2022ರಿಂದ ಈ ಖಂಡದಲ್ಲಿ ಹಬ್ಬಿದ ಹಕ್ಕಿಜ್ವರ ನೀರುಹಕ್ಕಿಗಳಲ್ಲೇ ಹೆಚ್ಚು ಓಡಾಡಿದ್ದನ್ನು ನೆನೆದರೆ, ಹೆಬ್ಬಾತುಗಳನ್ನು ಒಂದೆಡೆ ಗುಂಪುಗೂಡಿಸುವುದು ಅವುಗಳಿಗೇ ಕೇಡು.

ಪುಟ್ಟ ಹಕ್ಕಿಗಳಿಗೂ ಇದು ತಪ್ಪಿದ್ದಲ್ಲ. 2021ರ ವಸಂತದಲ್ಲಿ ಬರ್ಡ್ ಫೀಡರುಗಳ ಸುತ್ತ ಹಕ್ಕಿಗಳು ಸಾಲ್ಮೊನೆಲ್ಲಾ ಸೋಂಕಿನಿಂದ ಸತ್ತವು. ಅದೇ ಸೋಂಕು 12 ರಾಜ್ಯಗಳಲ್ಲಿ 29 ಮಂದಿಗೆ ತಗಲಿತೆಂದು ಕೇಂದ್ರದ ರೋಗನಿಯಂತ್ರಣ ಸಂಸ್ಥೆ ಗುರುತಿಸಿತು.

ಇದು ಅಮೆರಿಕದ ನಿರ್ದಯೆಯೇ?

ಫ್ಲಾರಿಡದ ಸಿಲ್ವರ್ ಸ್ಪ್ರಿಂಗ್ಸ್‌ನಲ್ಲಿ ಭಾರತ ಮೂಲದ ಮಂಗಗಳಿವೆಯೆಂದರೆ ಕೆಲವರಿಗೆ ಅಚ್ಚರಿಯಾದೀತು. ನಮ್ಮ ಉತ್ತರಭಾರತದಲ್ಲಿ ಕಾಣುವ ರೀಸಸ್ ಜಾತಿಯ ಕೆಲವು ಮಂಗಗಳನ್ನು 1930ರ ದಶಕದಲ್ಲಿ ದೋಣಿವಿಹಾರದ ವ್ಯಾಪಾರಿಯೊಬ್ಬ ತಂದು ನಡುಗಡ್ಡೆಯಲ್ಲಿ ಬಿಟ್ಟ. ಈಜುಬಲ್ಲ ಮಂಗಗಳು ನಡುಗಡ್ಡೆಯಲ್ಲಿ ನಿಂತಾವೆಯೇ? ದಡ ಸೇರಿ ಕಾಡಿನಲ್ಲಿ ಸಂತಾನ ಬೆಳೆಸಿದವು. ಪ್ರವಾಸಿಗರು ಹಣ್ಣು-ಕಡಲೆಕಾಯಿ ಕೊಟ್ಟು ಸಲಿಗೆ ಬೆಳೆಸಿದರು. ಅವುಗಳಲ್ಲಿ ಹಲವು, ಮನುಷ್ಯನಿಗೆ ತಗಲಿದರೆ ಪ್ರಾಣಾಂತಿಕವಾಗಬಲ್ಲ ವೈರಸ್ಸನ್ನು ಹೊತ್ತಿವೆಯೆಂದು ತಿಳಿದುಬಂದಿತು. 2018ರಲ್ಲಿ ರಾಜ್ಯವು ಮಂಗಗಳಿಗೆ ಆಹಾರ ಹಾಕುವುದನ್ನು ನಿಷೇಧಿಸಿತು. ನಮ್ಮ ದೇಶದ ಮಂಗವೆಂಬ ಮಮತೆಯಿಂದ ಬಾಳೆಹಣ್ಣು ನೀಡುವ ಭಾರತೀಯನಿಗೂ ಅಲ್ಲಿ ವಿನಾಯಿತಿಯಿಲ್ಲ.

ಸಿಂಗಪುರದ ಕನ್ನಡಿಗರಿಗೆ ಈ ಪಾಠ ಇನ್ನೂ ಕಟ್ಟುನಿಟ್ಟಾಗಿ ಗೊತ್ತಿದೆ. 2020ರ ಜೂನಿನಿಂದ ಜಾರಿಗೆ ಬಂದ ಅಲ್ಲಿನ ವನ್ಯಜೀವಿ ಕಾಯಿದೆಯ ಪ್ರಕಾರ ಪಾರಿವಾಳಕ್ಕೆ ಕಾಳು ಹಾಕಿದರೂ ಮೊದಲ ಸಲಕ್ಕೆ 5,000 ಸಿಂಗಪುರ ಡಾಲರುಗಳವರೆಗೆ ದಂಡ ಬೀಳಬಹುದು.

ಹಾಗಾದರೆ ತಾಯ್ನಾಡಿನಲ್ಲಿ? ಮೈಸೂರು ಅರಮನೆಯ ಎದುರು ಪಾರಿವಾಳಗಳಿಗೆ ಕಾಳು ಚೆಲ್ಲುವುದರಿಂದ ಕಟ್ಟಡಗಳಿಗೆ ಹಾನಿಯೆಂಬ ಚರ್ಚೆ ಇತ್ತೀಚಿನ ವರ್ಷಗಳಲ್ಲಿ ಜೋರಾಗಿಯೇ ನಡೆಯಿತು. 2025ರಲ್ಲಿ ಮುಂಬಯಿ ನಗರಪಾಲಿಕೆ ದಾದರಿನ ಹಳೆಯ ಕಬೂತರ್‌ಖಾನೆಯನ್ನು ಮುಚ್ಚಿಸಿದಾಗ ಪ್ರತಿಭಟನೆಗಳಾದವು. ಚಾಮರಾಜನಗರದಿಂದ ಸತ್ಯಮಂಗಲದ ಕಡೆಗೆ ಘಾಟಿಯ ರಸ್ತೆಯಲ್ಲಿ ಹೋದವರು ಇನ್ನೊಂದು ದೃಶ್ಯವನ್ನು ಕಂಡಿರಬಹುದು: ಕಬ್ಬಿನ ಲಾರಿಗಾಗಿ ರಸ್ತೆಬದಿಯಲ್ಲಿ ಕಾದು ನಿಂತ ಆನೆಗಳು. ಗಣಪತಿಯೆಂಬ ಭಕ್ತಿಯಿಂದಲೋ ಭಯದಿಂದಲೋ ಚಾಲಕರು ಎಸೆದ ಜಲ್ಲೆಗಳು, ಕಾಡಿನ ಆನೆಯನ್ನು ಹೆದ್ದಾರಿಯ ಭಿಕ್ಷುಕನನ್ನಾಗಿ ಮಾಡಿವೆ. ವಾಹನ ಬಡಿದರೆ ಆನೆಗೆ ಅಪಾಯ, ಆನೆ ರೇಗಿದರೆ ಮನುಷ್ಯನಿಗೆ. ಆದ್ದರಿಂದ ಇದು ಅಮೆರಿಕದ ನಿರ್ದಯೆಯೂ ಅಲ್ಲ, ಭಾರತದ ಅಜ್ಞಾನವೂ ಅಲ್ಲ. ಮನುಷ್ಯನ ವಸತಿಯೂ ಕಾಡಿನ ಅಂಚೂ ಒಂದನ್ನೊಂದು ಮುಟ್ಟಿದ ಎಲ್ಲೆಡೆ ಎದ್ದಿರುವ ಸಮಸ್ಯೆ.

ನಿಯಮ ಎಲ್ಲರಿಗೂ ಒಂದೇ ಆಗಬೇಕು

ಹೀಗೆಂದ ಮಾತ್ರಕ್ಕೆ ನೋಟೀಸು ಬಂದೊಡನೆ ತಲೆತಗ್ಗಿಸಬೇಕೆಂದಲ್ಲ. ನಮ್ಮ ಬಡಾವಣೆಯ ಸಭೆಗೆ ಸ್ನೇಹಿತರೊಡನೆ ನಾನೂ ಹೋಗಿದ್ದೆ. ಅಲ್ಲಿ ನಾವು ಕೇಳಿದ ಪ್ರಶ್ನೆ ಸರಳವಾದದ್ದು. ಅನ್ನದ ತುತ್ತು ಕರಡಿಯನ್ನು ಕರೆಯುವುದು ನಿಜ. ಆದರೆ ಅದೇ ಸಾಲಿನ ಐದಾರು ಮನೆಗಳಲ್ಲಿ ಏಪ್ರಿಲಿನಿಂದ ನೇತಾಡುವ ಸೂರ್ಯಕಾಂತಿ ಬೀಜದ ಫೀಡರುಗಳು ಕರೆಯುವುದಿಲ್ಲವೇ? ಹಿಂಬಾಗಿಲಲ್ಲಿಟ್ಟ ಬೆಕ್ಕಿನ ಬಟ್ಟಲು? ಕರಡಿ ಕಾಳಿನ ಜಾತಿಯನ್ನು ವಿಚಾರಿಸುವುದಿಲ್ಲ. ರಾಜ್ಯದ ವನ್ಯಜೀವಿ ವಿಭಾಗವೇ, ಕರಡಿಗಳು ಕಡಿಮೆ ಓಡಾಡುವ ಡಿಸೆಂಬರಿನಿಂದ ಮಾರ್ಚ್ ಕೊನೆಯವರೆಗೆ ಮಾತ್ರ ಫೀಡರು ಹಾಕಿರೆಂದು ಸಲಹೆ ಕೊಡುತ್ತದೆ.

ಸಭೆಯಲ್ಲಿ ಸ್ವಲ್ಪ ಬಿಸಿಮಾತು ನಡೆಯಿತು. ‘ನಿಮ್ಮವರ ಪದ್ಧತಿ’ ಎಂಬ ಮಾತೂ ಒಮ್ಮೆ ಕೇಳಿಬಂತು. ಆದರೆ ಕೊನೆಗೆ ನಿಯಮವನ್ನು ತಿದ್ದಿದರು: ಏಪ್ರಿಲಿನಿಂದ ನವೆಂಬರಿನವರೆಗೆ ಫೀಡರು, ಸಾಕುಪ್ರಾಣಿಯ ಊಟ, ನೆಲದ ಮೇಲಿನ ಆಹಾರ ಯಾವುದೂ ಹೊರಗಿರಬಾರದು, ಧಾರ್ಮಿಕ ವಿಧಿಗಾಗಿ ಮನೆಯವರು ಎದುರಿಗೇ ನಿಂತು ಇಟ್ಟು, ಆ ಹೊತ್ತಿನಲ್ಲೇ ತೆಗೆದರೆ ಆಕ್ಷೇಪವಿಲ್ಲ. ಈ ತಿದ್ದುಪಡಿಗೆ ನೆರೆಯ ಹಿರಿಯ ಅಮೆರಿಕನ್ ದಂಪತಿಗಳೂ ಕೈಯೆತ್ತಿದರು.

ಆ ತಾಯಿಗೆ ಇದನ್ನು ತಿಳಿಸಿದಾಗ ಅವರು ಹೇಳಿದ್ದು ಇಷ್ಟೇ: “ನಾನು ಹಾಕಿದ ತುತ್ತಿನಿಂದ ಆ ಪ್ರಾಣಿಗೆ ಗುಂಡು ಬೀಳೋದಾದ್ರೆ ಅದು ಅನ್ನವಲ್ಲಪ್ಪ, ವಿಷ. ತಿಥಿಯ ದಿನ ನಿಂತು ಇಡ್ತೀನಿ, ಕಾಗೆ ಮುಟ್ಟಿದ ಮೇಲೆ ಎತ್ತಿಬಿಡ್ತೀನಿ. ಕಾಯೋದೇ ತಾನೆ ಶಾಸ್ತ್ರ?” ದಿನನಿತ್ಯದ ತುತ್ತನ್ನು ಅವರು ತಾವಾಗಿಯೇ ನಿಲ್ಲಿಸಿದರು. ದಂಡದ ಭಯದಿಂದಲ್ಲ.

ಮಾಡಬಹುದಾದದ್ದೇನು?

ಹಾಕಬಾರದೆಂಬುದರ ಜೊತೆಗೆ, ಮಾಡಬಹುದಾದದ್ದೂ ಬಹಳವಿದೆ. ಈ ನೆಲದ್ದೇ ಆದ ಗಿಡಗಳನ್ನು ನೆಟ್ಟರೆ ಹೂವು, ಹಣ್ಣು, ಬೀಜ, ಹುಳುಗಳು ಅದರದರ ಕಾಲಕ್ಕೆ ಹಕ್ಕಿಗಳಿಗೆ ಒದಗುತ್ತವೆ. ಓಕ್, ಡಾಗ್‌ವುಡ್, ಸರ್ವಿಸ್‌ಬೆರಿ ಮರಗಳು ಇದಕ್ಕೆ ಹೆಸರಾದವು. ತಟ್ಟೆಯಲ್ಲಿ ಶುದ್ಧವಾದ ನೀರಿಟ್ಟು ಎರಡು ದಿನಕ್ಕೊಮ್ಮೆ ತೊಳೆದು ಬದಲಿಸುವುದು ಎಷ್ಟೋ ಕಡೆ ನಿಯಮಕ್ಕೂ ಅಡ್ಡಿಯಲ್ಲ, ಹಕ್ಕಿಗೂ ಹಿತ. ಫೀಡರು ಇಡುವುದೇ ಆದರೆ ಚಳಿಗಾಲದಲ್ಲಿ ಇಟ್ಟು, ಆಗಾಗ ತೊಳೆಯಬೇಕು. ಹಬ್ಬದ ಅಡುಗೆಯಲ್ಲಿ ಉಳಿದದ್ದನ್ನು ಹಿತ್ತಿಲಿಗೆ ಸುರಿಯದೆ, ಮುಚ್ಚಳ ಭದ್ರವಾದ ಡಬ್ಬಕ್ಕೆ ಹಾಕಿ ಕಸ ಒಯ್ಯುವ ದಿನದ ಬೆಳಗ್ಗೆಯಷ್ಟೇ ಹೊರಗಿಡಬೇಕು. ಗಾಯಗೊಂಡ ಪ್ರಾಣಿ ಕಂಡರೆ ಕೈಯಿಂದ ಮುಟ್ಟದೆ, ಪರವಾನಗಿ ಪಡೆದ ಶುಶ್ರೂಷಕರಿಗೆ ಫೋನು ಮಾಡಬೇಕು. ಮನುಷ್ಯರಿಗೆ ಅನ್ನ ಹಾಕುವ ಆಸೆಯಿದ್ದರೆ ಪ್ರತಿಯೊಂದು ಊರಿನ ಫುಡ್ ಬ್ಯಾಂಕೂ ಕೈಚಾಚಿ ಕಾದಿದೆ.

ಭಗವದ್ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಸಾತ್ತ್ವಿಕ ದಾನವನ್ನು ಹೇಳುವಾಗ ದೇಶ, ಕಾಲ, ಪಾತ್ರಗಳನ್ನು ವಿವೇಚಿಸಬೇಕೆಂಬ ಮಾತಿದೆ. ಕೊಡುವ ಮನಸ್ಸೊಂದೇ ಸಾಲದು. ಎಲ್ಲಿ, ಯಾವಾಗ, ಯಾರಿಗೆ ಎಂಬುದೂ ದಾನದ ಭಾಗವೇ. ನಮ್ಮೂರಿನ ಅಂಗಳದ ಕಾಗೆಗೂ ಇಲ್ಲಿನ ಕಾಡಂಚಿನ ಕರಡಿಗೂ ದೇಶ ಬೇರೆ, ಪಾತ್ರ ಬೇರೆ. ವನ್ಯಪ್ರಾಣಿಗೆ ನಾವು ಕೊಡಬಹುದಾದ ದೊಡ್ಡ ದಾನವೆಂದರೆ ಅದರ ಭಯವನ್ನು ಅದಕ್ಕೇ ಉಳಿಸಿಕೊಡುವುದು, ಏಕೆಂದರೆ ಮನುಷ್ಯನ ಭಯವೇ ಅದರ ರಕ್ಷಾಕವಚ.

ಕನ್ನಡ ಬಂಧುಗಳಲ್ಲಿ ನನ್ನ ವಿನಂತಿ ಎರಡೇ. ಊರಿನಿಂದ ತಂದೆತಾಯಿಯರು ಬಂದಾಗ ವಿಮಾನ ನಿಲ್ದಾಣದಿಂದ ಬರುವ ದಾರಿಯಲ್ಲೇ ಈ ಸಂಗತಿಯನ್ನು ಕಾರಣಸಹಿತ, ಗೌರವದಿಂದ ತಿಳಿಸಿ. ನೋಟೀಸು ಬಂದ ಮೇಲೆ ಗದರಿ ಹೇಳಬೇಡಿ. ಮತ್ತು ನಿಮ್ಮ ಬಡಾವಣೆಯ ಮುಂದಿನ ಸಭೆ ಎಂದೆಂದು ವಿಚಾರಿಸಿ, ಹೋಗಿ ಕುಳಿತುಕೊಳ್ಳಿ. ನಾವು ಇಲ್ಲದ ಸಭೆಯಲ್ಲಿ ಆಗುವ ನಿಯಮ ನಮಗೆ ದಂಡವಾಗಿಯೇ ಕಾಣುತ್ತದೆ. ನಾವೂ ಕೂಡಿ ಮಾಡಿದ ನಿಯಮವಾದರೆ ನಮ್ಮದೇ ಊರಿನ ಕಟ್ಟಳೆಯಾಗುತ್ತದೆ.